ತಪ್ಪಿದ ಬಿಲ್ಲೆಗಳನ್ನು ಬರೆಯಿರಿ

ಆತ್ಮೀಯರೇ, ನಮಸ್ಕಾರ.

‘ಕೊನೆಯ ಗುಂಡು’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಉತ್ತರವೇನೆಂದು ಕಾಗದದ ಕೊನೆಯವರೆಗೆ ಹುಡುಕುವ ಕಷ್ಟ ನಿಮಗೆ ಬೇಡವೆಂದು ಮೊದಲೇ ಹೇಳುತ್ತಿದ್ದೇನೆ. ಆದರೆ ಎರಡು ಸಾಲಿನ ವಿಷಾದ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ಕೋವಿ ಇರುವ ಕಥೆಯೆಂದರೆ ನನ್ನ ಮೇಜಿಗೆ ಬರುವುದು ಬೇಟೆಯದ್ದು, ಇಲ್ಲವೇ ಸೇಡಿನದ್ದು. ನೀವು ಹಾರುವ ಬಿಲ್ಲೆಯನ್ನು ಒಡೆಯುವ ಆಟವನ್ನು, ಅದರಲ್ಲೂ ಮೊದಲ ಸಲ ಇಪ್ಪತ್ತೈದಕ್ಕೆ ಇಪ್ಪತ್ತೈದು ಹೊಡೆಯಬೇಕೆಂಬ ಹಂಬಲವನ್ನು ಆರಿಸಿಕೊಂಡಿದ್ದೀರಿ. ನಾನು ಬಹಳ ವರ್ಷಗಳಿಂದ ಟ್ರ್ಯಾಪ್ ರೇಂಜಿಗೆ, ಅಂದರೆ ಯಂತ್ರ ಚಿಮ್ಮಿಸುವ ಬಿಲ್ಲೆಗಳನ್ನು ಶಾಟ್‌ಗನ್‌ನಿಂದ ಒಡೆಯುವ ಮೈದಾನಕ್ಕೆ, ಹೋಗುತ್ತಿರುವವನು. ಆ ಹಂಬಲ ಒಳ್ಳೆಯ ಕಥೆಯಾಗಬಲ್ಲದು ಎಂದು ಬಲವಾಗಿ ನಂಬಿದ್ದೇನೆ. ಅದಕ್ಕೇ ಇಷ್ಟು ಉದ್ದದ ಕಾಗದ.

ನಿಮ್ಮ ಕಥೆಯ ಹಂದರ ಇಷ್ಟು: ನಾಯಕಿ ಮೊದಲ ಸುತ್ತಿನಲ್ಲಿ ಹದಿನೈದು ಬಿಲ್ಲೆ ಒಡೆಯುತ್ತಾಳೆ. ಬೇಸರಗೊಂಡವಳಿಗೆ ವಯಸ್ಸಾದ ತರಬೇತುದಾರರು ‘ಮನಸ್ಸೇ ನಿಜವಾದ ಕೋವಿ’ ಎಂದು ಬೋಧಿಸುತ್ತಾರೆ. ಅವಳು ಛಲ ತೊಡುತ್ತಾಳೆ. ಎರಡು ಪುಟ ಕಳೆಯುವಷ್ಟರಲ್ಲಿ ಸ್ಪರ್ಧೆಯ ದಿನ ಬರುತ್ತದೆ. ಇಪ್ಪತ್ತೈದೂ ಬೀಳುತ್ತವೆ. ಚಪ್ಪಾಳೆ, ಕಣ್ಣೀರು, ಮುಕ್ತಾಯ.

ಇದರಲ್ಲಿ ನಾನು ಹುಡುಕಿದ್ದು, ನನಗೆ ಸಿಗದೇ ಹೋದದ್ದು, ಆ ಮೊದಲ ಸುತ್ತಿನ ಹತ್ತು ತಪ್ಪುಗಳು. ‘ಹತ್ತು ಬಿಲ್ಲೆಗಳು ಅವಳನ್ನು ಅಣಕಿಸಿ ಹಾರಿಹೋದವು’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಯಾವ ಹತ್ತು? ಎಡಕ್ಕೆ ಹೋದವೇ, ಬಲಕ್ಕೆ ಹೋದವೇ? ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹಿಂದೆ ಬಿತ್ತೇ, ಮೇಲಿಂದ ಹಾದುಹೋಯಿತೇ? ಈ ಆಟದಲ್ಲಿ ಕೆಟ್ಟ ಅದೃಷ್ಟದಿಂದ ತಪ್ಪುವುದು ಬಹಳ ಕಡಿಮೆ. ಹೆಚ್ಚುಕಡಿಮೆ ಎಲ್ಲ ತಪ್ಪಿಗೂ ಪಾದದಲ್ಲೋ ಕಣ್ಣಿನಲ್ಲೋ ಮನಸ್ಸಿನಲ್ಲೋ ಒಂದು ಕಾರಣ ಇರುತ್ತದೆ. ಪೂರ್ಣಾಂಕದ ಕಡೆಗೆ ಸಾಗುವುದೆಂದರೆ ಆ ಕಾರಣಗಳನ್ನು ಒಂದೊಂದಾಗಿ ಪತ್ತೆಹಚ್ಚಿ ಕಳಚುತ್ತಾ ಹೋಗುವುದು. ತಪ್ಪಿಗೆ ಕಾರಣ ಕೊಡದ ಕಥೆಯಲ್ಲಿ ಗೆಲುವಿಗೂ ಕಾರಣ ಉಳಿಯುವುದಿಲ್ಲ. ನಿಮ್ಮ ನಾಯಕಿಯ ಇಪ್ಪತ್ತೈದನ್ನು ನಾನು ನಂಬದೇ ಹೋದದ್ದು ಅದಕ್ಕೇ.

ನಿಮ್ಮ ಒಂದು ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಅವಳು ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಬಿಲ್ಲೆಯ ನಟ್ಟನಡುವೆ ಗುರಿಯಿಟ್ಟು, ನಿಧಾನವಾಗಿ ಟ್ರಿಗರ್ ಒತ್ತಿದಳು.’ ಇದು ರೈಫಲ್ ಹಿಡಿದವರ ವರ್ಣನೆ. ನಿಂತ ಗುರಿಗೆ ಒಂಟಿ ಗುಂಡು ಹಾರಿಸುವವರಿಗೆ ಒಪ್ಪುತ್ತದೆ. ಟ್ರ್ಯಾಪ್‌ನಲ್ಲಿ ಹನ್ನೊಂದು ಸೆಂಟಿಮೀಟರ್ ಅಗಲದ ಬಿಲ್ಲೆ ಗಂಟೆಗೆ ಸುಮಾರು 67 ಕಿ.ಮೀ. ವೇಗದಲ್ಲಿ ನಿಮ್ಮಿಂದ ದೂರ ಓಡುತ್ತಿರುತ್ತದೆ. ‘ಪುಲ್’ ಎಂದು ಕೂಗಿ ಬಿಲ್ಲೆ ಬಿಡಿಸಿಕೊಂಡ ಮೇಲೆ ಎಲ್ಲವೂ ಮುಗಿಯುವುದು ಒಂದು ಸೆಕೆಂಡಿನ ಆಚೀಚೆ. ನಿಧಾನಕ್ಕೆ ಅಲ್ಲಿ ಜಾಗವೇ ಇಲ್ಲ. ಸಾಧ್ಯವಿರುವವರಲ್ಲಿ ಹೆಚ್ಚಿನವರು ಎರಡೂ ಕಣ್ಣು ತೆರೆದೇ ಹೊಡೆಯುತ್ತಾರೆ. ನೋಟ ಬಿಲ್ಲೆಯ ಮೇಲೆ ನೆಟ್ಟಿರಬೇಕು, ನಳಿಗೆಯ ತುದಿಯ ಮಣಿಯ ಕಡೆಗೆ ಹೋಗಕೂಡದು. ಕ್ಯಾಚ್ ಹಿಡಿಯುವವನು ಚೆಂಡನ್ನು ನೋಡುತ್ತಾನೆಯೇ ಹೊರತು ತನ್ನ ಅಂಗೈಯನ್ನಲ್ಲ. ಪಕ್ಕಕ್ಕೆ ಓಡುವ ಬಿಲ್ಲೆಗಾದರೆ ಅದರ ಮುಂದಕ್ಕೆ ಹೊಡೆಯಬೇಕು, ಏಕೆಂದರೆ ಚರೆ ಅಷ್ಟು ದೂರ ತಲುಪುವ ಹೊತ್ತಿಗೆ ಬಿಲ್ಲೆ ಮೊದಲಿದ್ದ ಜಾಗದಲ್ಲಿ ಇರುವುದಿಲ್ಲ. ನಟ್ಟನಡುವೆ ಗುರಿಯಿಟ್ಟವಳ ಚರೆ ಹಿಂದೆ ಬೀಳುತ್ತದೆ. ತೋಟಾದಿಂದ ಹೊರಡುವುದೂ ಒಂದೇ ಗುಂಡಲ್ಲ. ಒಂದು ಔನ್ಸಿನ ತೋಟಾದಲ್ಲಿ ಎಂಟನೇ ನಂಬರಿನ ಚರೆಗಳು ನಾನೂರರ ಮೇಲಿರುತ್ತವೆ. ಹಾಗಾಗಿ ಕಥೆಯ ಹೆಸರನ್ನೂ ಬದಲಿಸಿ.

ಬಿಲ್ಲೆ ಒಡೆದಾಗ ‘ಮಳೆ ಬಿದ್ದ ಮಣ್ಣಿನ ಘಮ’ ಬಂತೆಂದು ಬರೆದಿದ್ದೀರಿ. ಈಗಿನ ಬಿಲ್ಲೆಗಳು ಸುಣ್ಣಕಲ್ಲಿನ ಪುಡಿಯನ್ನು ಟಾರಿನಂಥ ಪಿಚ್‌ನೊಂದಿಗೆ ಕಲಸಿ ಅಚ್ಚು ಹಾಕಿದವು. ಶೂಟರ್‌ನ ಮೂಗಿಗೆ ಬರುವುದು ಸುಟ್ಟ ಮದ್ದಿನ ವಾಸನೆ.

ಆ ಒಂದು ಸೆಕೆಂಡಿನೊಳಗೆ ಎಷ್ಟು ಕಥೆ ಅಡಗಿದೆ ಎಂಬುದನ್ನು ನೋಡಿ. ನಾಯಕಿ ಬಲಗೈಯವಳು ಎಂದುಕೊಳ್ಳೋಣ. ಶೂಟರ್‌ಗಳು ನಿಲ್ಲುವ ಜಾಗಗಳಲ್ಲಿ ಬಲತುದಿಯದಾದ ಐದನೇ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ. ಬಿಲ್ಲೆ ಬಲಕ್ಕೆ ಚಿಮ್ಮುತ್ತದೆ. ಪಾದಗಳನ್ನು ಎಡಕ್ಕೆ ಹೆಚ್ಚಾಗಿ ತಿರುಗಿಸಿ ಊರಿದ್ದರಿಂದ ಸೊಂಟ ಅರ್ಧಕ್ಕೇ ಬಿಗಿದುಕೊಳ್ಳುತ್ತದೆ. ಅಲ್ಲಿಂದಾಚೆಗೆ ಕೋವಿಯನ್ನು ಎಳೆಯುವುದು ತೋಳು ಮಾತ್ರ. ಬಲಗೈಯವರು ಬಲಕ್ಕೆ ತಿರುಗಿದಾಗ ಕೋವಿಯ ಮರ ಕೆನ್ನೆಯಿಂದ ದೂರ ಸರಿಯುತ್ತದೆ. ಅವಳದೂ ಸರಿಯುತ್ತದೆ, ತಲೆ ಏಳುತ್ತದೆ. ಶಾಟ್‌ಗನ್‌ನಲ್ಲಿ ಗುರಿ ಹಿಡಿಯುವ ಹಿಂದಿನ ತುದಿ ಶೂಟರ್‌ನ ಕಣ್ಣೇ ಆದ್ದರಿಂದ, ತಲೆ ತುಸು ಎದ್ದರೂ ಚರೆ ಬಿಲ್ಲೆಯ ಮೇಲಿಂದ ಹೋಗಿಬಿಡುತ್ತದೆ. ಇಲ್ಲವೇ ತಲೆ ಎದ್ದೇ ಇಲ್ಲ, ಪಾದವೂ ಸರಿಯಿತ್ತು, ಆದರೆ ‘ಸರಿಯಾಗಿ ಹಿಡಿದಿದ್ದೇನೆಯೇ’ ಎಂದು ಅರೆಕ್ಷಣ ಮಣಿಯನ್ನು ನೋಡಿದಳು. ನೋಡಿದ್ದೇ ತಡ, ಕೋವಿ ನಿಂತಿತು, ಬಿಲ್ಲೆ ಮುಂದೆ ಹೋಯಿತು. ಸ್ಕೋರ್ ಹಾಳೆಯಲ್ಲಿ ಎರಡಕ್ಕೂ ಒಂದೇ ಸೊನ್ನೆ. ಮೊದಲನೆಯದನ್ನು ಪಾದ ಸರಿಸಿ ನಿಂತು ಒಂದು ಸಂಜೆಯಲ್ಲಿ ತಿದ್ದಬಹುದು. ಎರಡನೆಯದು ತನ್ನ ಕೈಯನ್ನೇ ನಂಬಲಾಗದವಳ ತಪ್ಪು. ಅದು ರೇಂಜಿನ ಹೊರಗೂ ಅವಳ ಬದುಕಿನಲ್ಲಿ ಎಲ್ಲೋ ಇರಲೇಬೇಕು. ಕಥೆಗಾರರಾಗಿ ನೀವು ಕೈಹಾಕಬೇಕಾದ ಜಾಗ ಅದು. ತರಬೇತುದಾರರ ಬೋಧನೆಯ ಮೂರು ಪ್ಯಾರಾ ತೆಗೆದು ಅಲ್ಲಿ ಇಂಥ ಒಂದು ತಪ್ಪನ್ನು ಇಡಿ. ಒಳ್ಳೆಯ ತರಬೇತುದಾರರು ಹಿಂದೆ ನಿಂತು ‘ತಲೆ’ ಎಂದೋ ‘ನಿಲ್ಲಿಸಿದೆ’ ಎಂದೋ ಒಂದೇ ಮಾತು ಹೇಳುತ್ತಾರೆ.

ಇನ್ನು, ನಿಮ್ಮ ನಾಯಕಿ ಆಡುತ್ತಿರುವ ಆಟ ಯಾವುದು ಎಂಬುದನ್ನು ನೀವು ತೀರ್ಮಾನಿಸಬೇಕು. ಮೊದಲ ಅರ್ಧದಲ್ಲಿ ಒಂದೇ ಯಂತ್ರ, ಐದು ಸ್ಟೇಷನ್. ಅದು ಅಮೆರಿಕನ್ ಟ್ರ್ಯಾಪ್: ಯಂತ್ರದ ಮನೆಯಿಂದ 16 ಗಜ ಹಿಂದೆ ನಿಂತು, ಒಂದು ಬಿಲ್ಲೆಗೆ ಒಂದೇ ಈಡು, ಯಾವ ಕೋನಕ್ಕೆ ಹಾರುತ್ತದೋ ಮೊದಲೇ ತಿಳಿಯದು. ಏಳನೇ ಪುಟದಲ್ಲಿ ಇದ್ದಕ್ಕಿದ್ದಂತೆ ಎಂಟು ಸ್ಟೇಷನ್, ಎರಡು ಕಡೆಯಿಂದ ಬಿಲ್ಲೆ ಎಸೆಯುವ ಎತ್ತರದ ಮನೆ, ತಗ್ಗಿನ ಮನೆ ಬಂದಿವೆ. ಅದು ಸ್ಕೀಟ್. ಅಲ್ಲಿ ಬಿಲ್ಲೆಯ ದಾರಿ ಪ್ರತಿ ಸಲವೂ ಒಂದೇ. ಟ್ರ್ಯಾಪ್‌ನವರ ಕಷ್ಟ ಗೊತ್ತಿಲ್ಲದ್ದನ್ನು ಎದುರಿಸುವುದು, ಸ್ಕೀಟ್‌ನವರ ಕಷ್ಟ ಗೊತ್ತಿರುವುದನ್ನು ತಪ್ಪದೆ ಮತ್ತೆ ಮಾಡುವುದು. ಎರಡು ಬೇರೆ ಸ್ವಭಾವದ ಮನುಷ್ಯರು. ಅಮೆರಿಕನ್ ಸ್ಕೀಟ್‌ನಲ್ಲಿ ಕಥೆಗಾರರಿಗೆ ಒಂದು ಒಳ್ಳೆಯ ನಿಯಮವೂ ಇದೆ: ಸುತ್ತಿನ ನಿಗದಿತ ಬಿಲ್ಲೆಗಳು ಇಪ್ಪತ್ನಾಲ್ಕೇ. ಮೊದಲ ತಪ್ಪಾದ ಕೂಡಲೇ ಅದೇ ಬಿಲ್ಲೆಯನ್ನು ಇನ್ನೊಮ್ಮೆ ಹೊಡೆಯಬೇಕು, ಅದು ಇಪ್ಪತ್ತೈದನೆಯ ಈಡು. ತಪ್ಪೇ ಆಗದೆ ಎಂಟನೇ ಸ್ಟೇಷನ್ ಮುಗಿಸಿದವರು ತಗ್ಗಿನ ಮನೆಯ ಬಿಲ್ಲೆಯನ್ನು ಮತ್ತೊಮ್ಮೆ ಹೊಡೆದು ಸುತ್ತು ಪೂರ್ಣಗೊಳಿಸುತ್ತಾರೆ. ಆದರೂ ನನ್ನ ಸಲಹೆ ಟ್ರ್ಯಾಪ್‌ನಲ್ಲೇ ಉಳಿಯಿರಿ ಎಂದು. ನಿಮ್ಮ ಕಥೆಯ ಜೀವ ಅಲ್ಲಿದೆ.

ಟ್ರ್ಯಾಪ್‌ನಲ್ಲಿ ಉಳಿದರೆ ಒಂದು ಲೆಕ್ಕ ಸರಿಮಾಡಬೇಕು. ಸ್ಪರ್ಧೆಯ ದಿನ ನಾಯಕಿ ಮೂರನೇ ಸ್ಟೇಷನ್ನಿನಲ್ಲಿ ಆರಂಭಿಸಿ ಐದನೆಯದರಲ್ಲಿ ಮುಗಿಸುತ್ತಾಳೆ. ಹಾಗೆ ಆಗುವುದಿಲ್ಲ. ಐದು ಮಂದಿ ಐದು ಸ್ಟೇಷನ್ನಿನಲ್ಲಿ ಸಾಲಾಗಿ ನಿಂತು ಸರದಿಯಂತೆ ಒಂದೊಂದು ಈಡು ಹೊಡೆಯುತ್ತಾರೆ. ತಲಾ ಐದಾದ ಮೇಲೆ ಎಲ್ಲರೂ ಒಂದು ಸ್ಟೇಷನ್ ಬಲಕ್ಕೆ ಸರಿಯುತ್ತಾರೆ, ಐದರಲ್ಲಿದ್ದವರು ಒಂದಕ್ಕೆ ನಡೆದು ಬರುತ್ತಾರೆ. ಮೂರರಲ್ಲಿ ಆರಂಭಿಸಿದವಳ ಕೊನೆಯ ಐದು ಈಡು ಎರಡನೇ ಸ್ಟೇಷನ್ನಿನಲ್ಲಿ. ಇದು ಬರೀ ತಾಂತ್ರಿಕ ತಿದ್ದುಪಡಿ ಎಂದು ಭಾವಿಸಬೇಡಿ. ಸಾಲಿನಲ್ಲಿ ಅವಳು ಮೂರನೆಯವಳು. ಅವಳ ಇಪ್ಪತ್ತೈದನೇ ಬಿಲ್ಲೆ ಒಡೆದಾಗ ಇನ್ನಿಬ್ಬರ ಕೊನೆಯ ಈಡು ಬಾಕಿ ಇರುತ್ತದೆ. ಅವರು ಮುಗಿಸುವವರೆಗೆ ಅವಳು ಕೋವಿ ತೆರೆದುಕೊಂಡು ಅಲುಗಾಡದೆ ನಿಂತಿರಬೇಕು. ಅಳುವಂತಿಲ್ಲ, ಕೈ ಎತ್ತುವಂತಿಲ್ಲ, ಪಕ್ಕದವರ ಏಕಾಗ್ರತೆ ಕೆಡಿಸುವಂತಿಲ್ಲ. ನೀವು ಬರೆದ ಚಪ್ಪಾಳೆ, ಕಣ್ಣೀರು ಎರಡೂ ಅಲ್ಲಿ ಆ ಕ್ಷಣಕ್ಕೆ ಬರಲಾರವು. ಆ ನಿಲುವನ್ನು ಬರೆಯಿರಿ. ಬಹಳ ದಿನದಿಂದ ಬಯಸಿದ್ದು ಕೈಗೆ ಬಂದಿದೆ, ಆದರೆ ಅದು ಬಂದದ್ದನ್ನು ಮುಖದ ಮೇಲೆ ತೋರಿಸಲು ಇನ್ನೂ ಅನುಮತಿ ಇಲ್ಲ. ಇದಕ್ಕಿಂತ ಒಳ್ಳೆಯ ಮುಕ್ತಾಯವನ್ನು ನಾನು ನಿಮಗೆ ಹೇಳಿಕೊಡಲಾರೆ. ಆಟದ ನಿಯಮವೇ ಕೊಟ್ಟಿದೆ.

ಹದಿನೈದರಿಂದ ಇಪ್ಪತ್ತೈದಕ್ಕೆ ನೇರ ಜಿಗಿತವೂ ನಡೆಯದ ಮಾತು. ಗುಣಾಕಾರ ಮಾಡಿ ನೋಡಿ: ನೂರಕ್ಕೆ ತೊಂಬತ್ತು ಬಿಲ್ಲೆ ಒಡೆಯುವಷ್ಟು ಪಳಗಿದವರಿಗೂ ಸತತ ಇಪ್ಪತ್ತೈದು ಬೀಳುವ ಸಾಧ್ಯತೆ ನೂರು ಸುತ್ತಿಗೆ ಏಳರಷ್ಟು. ಸರಾಸರಿ ಇಪ್ಪತ್ನಾಲ್ಕು ಹೊಡೆಯುವವರಿಗೂ ಮೂವತ್ತಾರರಷ್ಟು ಮಾತ್ರ. ಅಂದರೆ ಮೊದಲ ಇಪ್ಪತ್ತೈದಕ್ಕೆ ಮುಂಚೆ ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ನಾಲ್ಕುಗಳ ದೊಡ್ಡ ಸಾಲೇ ಇರುತ್ತದೆ. ಕಥೆಯಲ್ಲಿ ಅವು ಒಂದೂ ಇಲ್ಲ. ಇಪ್ಪತ್ನಾಲ್ಕರಲ್ಲೂ ಬಗೆಗಳಿವೆ. ಮೊದಲ ಬಿಲ್ಲೆಯನ್ನೇ ಕಳೆದುಕೊಂಡು ಉಳಿದದ್ದನ್ನೆಲ್ಲ ಹೊಡೆದವಳು ಹಗುರಾಗಿ ಹೊಡೆದಿರುತ್ತಾಳೆ. ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಇಪ್ಪತ್ನಾಲ್ಕನ್ನೂ ಒಡೆದು ಕೊನೆಯದನ್ನು ಬಿಟ್ಟವಳ ಕಥೆ ಬೇರೆ. ತನ್ನ ಸರದಿ ಬರುವವರೆಗೆ ನಾಲ್ವರ ಈಡನ್ನು ಕೇಳುತ್ತಾ ನಿಂತಿದ್ದಾಗ ಅವಳು ಎಣಿಸಿದ್ದಾಳೆ. ಸಾಲಿನವರೂ ಎಣಿಸಿದ್ದಾರೆ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಅಷ್ಟು ಹೊತ್ತು ಹರಟುತ್ತಿದ್ದವರು ಸುಮ್ಮನಾದದ್ದೇ ಅವಳಿಗೆ ಸುದ್ದಿ ಮುಟ್ಟಿಸುತ್ತದೆ. ಆಗ ಅವಳು ಈ ಒಂದು ಬಿಲ್ಲೆಗೆ ಮಾತ್ರ ಹೆಚ್ಚು ಎಚ್ಚರ ವಹಿಸುತ್ತಾಳೆ, ತುಸು ಹೆಚ್ಚು ಹೊತ್ತು ಹಿಂಬಾಲಿಸುತ್ತಾಳೆ, ಎಚ್ಚರದಿಂದಲೇ ಕೋವಿ ನಿಲ್ಲುತ್ತದೆ. ಮಣಿಯನ್ನು ನೋಡುವ ಅದೇ ಹಳೆಯ ತಪ್ಪು. ಮೊದಲ ಪುಟದಲ್ಲಿ ಅದನ್ನು ಓದುಗರಿಗೆ ತೋರಿಸಿದ್ದರೆ ಇಲ್ಲಿ ವಿವರಣೆಯೇ ಬೇಕಾಗುವುದಿಲ್ಲ.

ಇನ್ನೊಂದು ವಿಷಯವನ್ನು ನೀವು ಗಮನಿಸಿದಂತಿಲ್ಲ. ನಿಮ್ಮ ಇಪ್ಪತ್ತೈದು ಬಿಲ್ಲೆಗಳೂ ‘ಹೊಗೆಯಾಗಿ ಕರಗುತ್ತವೆ’. ನಿಜವಾದ ಸುತ್ತಿನಲ್ಲಿ ಕೆಲವು ಹೊಗೆಯಾಗುತ್ತವೆ, ಕೆಲವು ಎರಡು ಹೋಳಾಗುತ್ತವೆ, ಒಂದೆರಡರ ಅಂಚಿನಿಂದ ಉಗುರಿನಷ್ಟು ಚೂರು ಹಾರುತ್ತದೆ. ಕಣ್ಣಿಗೆ ಕಾಣುವ ಒಂದು ಚೂರು ಬೇರ್ಪಟ್ಟರೆ ಸಾಕು, ಪೂರ್ತಿ ಅಂಕ. ಬರೀ ದೂಳೆದ್ದು ಬಿಲ್ಲೆ ಇಡಿಯಾಗಿ ಮುಂದೆ ಹೋದರೆ ಚರೆ ತಗಲಿದ್ದು ನಿಜವಾದರೂ ‘ಲಾಸ್ಟ್’ (ತಪ್ಪಿತು) ಎಂಬ ಕೂಗು ಬೀಳುತ್ತದೆ. ಪೂರ್ಣಾಂಕ ಪಡೆದ ಸುತ್ತಿನಲ್ಲೂ ಕಳಪೆ ಈಡುಗಳಿರುತ್ತವೆ, ಶೂಟರ್‌ಗೆ ಅವು ಯಾವುವೆಂದು ಗೊತ್ತಿರುತ್ತದೆ. ನಿಮ್ಮ ನಾಯಕಿಗೂ ಗೊತ್ತಿರಲಿ. ಹದಿನೇಳನೆಯದೋ ಹದಿನೆಂಟನೆಯದೋ ಒಂದು ಚೂರಿನಿಂದ ಉಳಿದುಕೊಂಡಿತು ಎಂಬುದು ಅವಳ ಸಂತೋಷದ ಜೊತೆಗೇ ಇರಲಿ.

ಎಂಟನೇ ಪುಟದಲ್ಲಿ ತರಬೇತುದಾರರು ‘ಈ ಆಟದಲ್ಲಿ ಯಾವ ಹೆಣ್ಣೂ ಇಂದಿನವರೆಗೆ ಒಂದೂ ಬಿಡದೆ ಹೊಡೆದಿಲ್ಲ’ ಎನ್ನುತ್ತಾರೆ. ದಯವಿಟ್ಟು ತೆಗೆದುಹಾಕಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಸ್ಕೀಟ್‌ನಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೇ ಸ್ಪರ್ಧಿಸಿದರು. ಚೀನಾದ ಝಾಂಗ್ ಶಾನ್ ಫೈನಲ್‌ಗೆ ಮುಂಚಿನ 200 ಬಿಲ್ಲೆಗಳಲ್ಲಿ ಒಂದನ್ನೂ ಬಿಡಲಿಲ್ಲ. ಒಟ್ಟು 225ರಲ್ಲಿ 223 ಒಡೆದು ಚಿನ್ನ ಗೆದ್ದರು. 1996ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಸ್ಕೀಟ್ ಇರಲೇ ಇಲ್ಲ, 2000ದಲ್ಲಿ ಪ್ರತ್ಯೇಕ ಸ್ಪರ್ಧೆಯಾಗಿ ಬಂತು. ಟೋಕಿಯೊದಲ್ಲಿ 2021ರಲ್ಲಿ ಸ್ಲೊವಾಕಿಯಾದ ಝುಝಾನಾ ರೆಹಾಕ್ ಷ್ಟೆಫೆಚೆಕೋವಾ ಟ್ರ್ಯಾಪ್ ಅರ್ಹತಾ ಸುತ್ತುಗಳಲ್ಲಿ 125ಕ್ಕೆ 125 ಹೊಡೆದರು, ಚಿನ್ನವೂ ಅವರದಾಯಿತು. ಒಲಿಂಪಿಕ್ ಟ್ರ್ಯಾಪ್‌ನ ಆ ಸುತ್ತುಗಳಲ್ಲಿ ಒಂದು ಬಿಲ್ಲೆಗೆ ಎರಡು ಈಡಿಗೆ ಅವಕಾಶವಿದೆ, ಬಿಲ್ಲೆಗಳು ಅಷ್ಟೇ ಹೆಚ್ಚು ವೇಗದವು. ಝಾಂಗ್ ಶಾನ್ ಅವರ 200ಕ್ಕಿಂತ ಆಮೇಲೆ ಬಿಟ್ಟ ಆ ಎರಡು ಬಿಲ್ಲೆಗಳು ಕಥೆಗಾರರನ್ನು ಹೆಚ್ಚು ಕಾಡಬೇಕು ಎಂದು ನನಗನ್ನಿಸುತ್ತದೆ.

ನಿಮ್ಮ ಬರವಣಿಗೆಯಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ ಜಾಗವೊಂದಿದೆ. ಮೂರನೇ ಪುಟದಲ್ಲಿ ನಾಯಕಿ ಇನ್ನೂ ಬಿಸಿಯಾಗಿರುವ ಖಾಲಿ ತೋಟಾವನ್ನು ಜೇಬಿಗೆ ಹಾಕಿಕೊಂಡು, ಉಳಿದವರ ಸರದಿ ಮುಗಿಯುವವರೆಗೆ ಬೆರಳುಗಳಿಂದ ತಿರುಗಿಸುತ್ತಿರುತ್ತಾಳೆ. ತೋಟಾ ತಣ್ಣಗಾಗುವಷ್ಟರಲ್ಲಿ ಮತ್ತೆ ಅವಳ ಸರದಿ ಬರುತ್ತದೆ. ಕಂಡವರು ಮಾತ್ರ ಹೀಗೆ ಬರೆಯಬಲ್ಲರು. ಒಂದೂ ವಿಶೇಷಣ ಇಲ್ಲದ ಆ ನಾಲ್ಕು ಸಾಲು, ಕೊನೆಯ ಪುಟದ ‘ಅದಮ್ಯ’, ‘ಅನಂತ’, ‘ಅವರ್ಣನೀಯ’ಗಳಿಗಿಂತ ಎಷ್ಟೋ ಮೇಲು. ನಿಮಗೆ ನೋಡುವ ಶಕ್ತಿ ಇದೆ. ಇಪ್ಪತ್ತೈದರ ಕಡೆಗೆ ಓಡುವ ಆತುರದಲ್ಲಿ ನೋಡುವುದನ್ನು ಬಿಟ್ಟಿದ್ದೀರಿ.

ಇಡೀ ಕಥೆಯನ್ನು ಈಗಲೇ ತಿದ್ದಲು ಹೊರಡಬೇಡಿ. ಮೊದಲು ಅವಳ ಐದಾರು ಸುತ್ತುಗಳ ಸ್ಕೋರ್ ಹಾಳೆಯನ್ನು ನೀವೇ ಕೂತು ತಯಾರಿಸಿ: ಯಾವ ಸ್ಟೇಷನ್, ಎಷ್ಟನೆಯ ಬಿಲ್ಲೆ, ಎಲ್ಲಿ ಸೊನ್ನೆ. ಪ್ರತಿ ಸೊನ್ನೆಯ ಪಕ್ಕ ಕಾರಣವನ್ನು ಎರಡು ಮೂರು ಪದಗಳಲ್ಲಿ ಬರೆದುಕೊಳ್ಳಿ. ಕಾರಣ ಹೊಳೆಯದ ಸೊನ್ನೆಯನ್ನು ಖಾಲಿ ಬಿಡಿ, ಅವಳಿಗೂ ಆಗ ತಿಳಿದಿರಲಿಲ್ಲ ಎಂದಾದರೂ ಆಗುತ್ತದೆ. ಆಮೇಲೆ ಇಪ್ಪತ್ನಾಲ್ಕರ ಸುತ್ತನ್ನು ಮಾತ್ರ ಬರೆದು ಕಳಿಸಿ, ನಾಲ್ಕೈದು ಪುಟ ಸಾಕು. ಹಾಳೆಯನ್ನೂ ಜೊತೆಗಿಡಿ. ಓದುವಾಗ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸೊನ್ನೆಯನ್ನೂ ಕಥೆಯೊಂದಿಗೆ ತಾಳೆ ನೋಡುತ್ತೇನೆ.

ವಿಶ್ವಾಸದಿಂದ,
ಸಂಪಾದಕ