ಸಂಪಾದಕರ ಉತ್ತರ: ಪರದೆಯ ಹಿಂದಿನವರು ಬಿಟ್ಟಿ ಆಳುಗಳೇ?

ಈ ಸಂಚಿಕೆಯ ಉತ್ತರದ ಪುಟವನ್ನು ಪೂರ್ತಿಯಾಗಿ ಒಂದೇ ಪತ್ರಕ್ಕೆ ಮೀಸಲಿಟ್ಟಿದ್ದೇನೆ. ಹೆಸರನ್ನೂ ಊರನ್ನೂ ಅಚ್ಚು ಮಾಡಬಾರದೆಂದು ಕೇಳಿಕೊಂಡಿರುವ ಈ ಓದುಗರು ತಾಲೂಕು ಕೇಂದ್ರವೊಂದರ ಹವ್ಯಾಸಿ ನಾಟಕ ತಂಡದಲ್ಲಿ ಹತ್ತು ವರ್ಷಗಳಿಂದ ರಂಗಸಜ್ಜಿಕೆ ಮತ್ತು ಪರಿಕರಗಳ ಹೊಣೆ ಹೊತ್ತಿದ್ದಾರೆ. ಒಮ್ಮೆಯೂ ಬಣ್ಣ ಹಚ್ಚಿದವರಲ್ಲ. ಕಳೆದ ಪ್ರದರ್ಶನದ ದಿನ ಬೆಳಗಿನಿಂದ ಮೊಳೆ ಹೊಡೆದು, ಪರದೆ ಕಟ್ಟಿ, ಮೇಜು ಕುರ್ಚಿ ಹೊಂದಿಸಿದ್ದಾರೆ. ಸಂಜೆ ನಾಟಕಕ್ಕೆ ಮೊದಲು ಸಭಾ ಕಾರ್ಯಕ್ರಮ ಒಂದು ಗಂಟೆಯನ್ನೂ ಮೀರಿ ನಡೆಯಿತಂತೆ. ದಾನಿಗಳಿಗೆ, ಅತಿಥಿಗಳಿಗೆ ಶಾಲು, ಹಾರ, ಫಲಕ; ಬಾಡಿಗೆಗೆ ಬಂದಿದ್ದ ಬೆಳಕಿನವರಿಗೂ ಧ್ವನಿವರ್ಧಕದವರಿಗೂ ಲಕೋಟೆ. ಇವರೂ ಇವರ ಇಬ್ಬರು ಜೊತೆಗಾರರೂ ವಂದನಾರ್ಪಣೆಯ ಕೊನೆಯಲ್ಲಿ ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂಬ ಮಾತಿನೊಳಗೆ ಸೇರಿಹೋದರು. ಪತ್ರದ ಕೊನೆ ಹೀಗಿದೆ: ‘ಪುಕ್ಕಟೆ ದುಡಿಮೆಗೆ ಬೆಲೆಯೂ ಇಲ್ಲ, ಗುಣಮಟ್ಟವೂ ಇಲ್ಲ. ತಂಡಗಳು ಕೂಲಿ ಕೊಟ್ಟು ಕೆಲಸದವರನ್ನು ಇಟ್ಟುಕೊಳ್ಳಲಿ, ಆಗದಿದ್ದರೆ ಬಾಗಿಲು ಮುಚ್ಚಲಿ. ಕೊನೆಗೂ ನಾವು ಮೇಜು ಹೊರುವವರು ತಾನೇ? ಮುಂದಿನ ನಾಟಕಕ್ಕೆ ನಾನು ಹೋಗಬೇಕೋ ಬೇಡವೋ, ನೀವೇ ಹೇಳಿ.’

ಮಾನ್ಯರೇ, ನಿಮ್ಮ ಮಾತಿನಲ್ಲಿ ನ್ಯಾಯವಿರುವ ಭಾಗವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ರಂಗಭೂಮಿಯನ್ನೇ ನಂಬಿ ಬದುಕುವವರಿಗೆ ಸಂಭಾವನೆ ಸಲ್ಲಲೇಬೇಕು, ಅದೂ ಹೊತ್ತಿಗೆ ಸರಿಯಾಗಿ. ಕಲಾಸೇವೆ ಎಂಬ ಹೆಸರು ಹೇಳಿ ವೃತ್ತಿಯವರ ಹೊಟ್ಟೆಯ ಮೇಲೆ ಹೊಡೆಯುವ ಸಂಘಟಕರು ನಮ್ಮಲ್ಲಿ ಇದ್ದಾರೆ, ಅವರನ್ನು ಈ ಪತ್ರಿಕೆ ಎಂದೂ ಸಮರ್ಥಿಸಿಲ್ಲ. ನಿಮ್ಮಂಥ ಸ್ವಯಂಸೇವಕರು ಆಟೋ ಬಾಡಿಗೆಯನ್ನೂ ಕೈಯಿಂದಲೇ ಹಾಕಿಕೊಳ್ಳಬೇಕಾಗಿ ಬಂದದ್ದು ತಪ್ಪು. ಇಷ್ಟು ಮಟ್ಟಿಗೆ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಆದರೆ ನೀವು ಹತ್ತು ವರ್ಷ ಮಾಡಿರುವ ಕೆಲಸವನ್ನು ನೀವೇ ಮೇಜು ಹೊರುವುದೆಂದು ಕರೆದುಕೊಂಡಿರಲ್ಲ, ಅದನ್ನು ಓದಿ ನನಗೆ ಸಂಕಟವಾಯಿತು. ಒಂದು ದೃಶ್ಯ ಮುಗಿದು ಬೆಳಕು ಆರುತ್ತದೆ. ಇನ್ನೊಂದು ದೃಶ್ಯಕ್ಕೆ ಬೆಳಕು ಹತ್ತುವಷ್ಟರಲ್ಲಿ ಆ ಕಗ್ಗತ್ತಲಲ್ಲಿ ನೀವು ಸೈಡ್ ವಿಂಗಿನಿಂದ ಬರಿಗಾಲಲ್ಲಿ ಬಂದು, ನೆಲಕ್ಕೆ ಅಂಟಿಸಿದ ಬಿಳಿ ಟೇಪಿನ ಗುರುತನ್ನು ಹೆಬ್ಬೆರಳಿನಿಂದ ತಡವಿ, ಮೇಜಿನ ನಾಲ್ಕೂ ಕಾಲುಗಳನ್ನು ಅವುಗಳ ಗುರುತಿನ ಮೇಲೇ ಇಟ್ಟು, ಲೋಟವನ್ನು ನಟಿಯ ಬಲಗೈ ತಾನಾಗಿ ಚಾಚುವ ಕಡೆಗೆ ಸರಿಸಿ, ಸದ್ದಿಲ್ಲದೆ ಹಿಂದೆ ಸರಿಯುತ್ತೀರಿ. ಮೇಜು ಒಂದು ಗೇಣು ಆಚೀಚೆಯಾದರೆ ಸ್ಪಾಟ್ ಲೈಟು ಬರಿ ನೆಲದ ಮೇಲೆ ಬೀಳುತ್ತದೆ, ಲೋಟಕ್ಕಾಗಿ ತಡಕಾಡುವ ನಟಿಗೆ ಮಾತು ತಪ್ಪುತ್ತದೆ. ಆ ನಟಿ ಎಡಗೈಯವಳೋ ಬಲಗೈಯವಳೋ, ಯಾವ ಮಾತು ಮುಗಿದ ಮೇಲೆ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಎಡವುತ್ತಾಳೆ ಎಂಬುದೆಲ್ಲ ಒಂದೂ ತಾಲೀಮು ತಪ್ಪಿಸದೆ ಕುಳಿತವರಿಗೆ ಮಾತ್ರ ಗೊತ್ತಿರುತ್ತದೆ. ಪ್ರದರ್ಶನದ ಸಂಜೆಗೆ ಕೂಲಿಗೆ ಬಂದವನು ಎಷ್ಟೇ ನಿಪುಣನಾದರೂ ಇದನ್ನು ಎಲ್ಲಿಂದ ತಂದಾನು?

ಹಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಊರಿನ ತಂಡದ ಗ್ರ್ಯಾಂಡ್ ರಿಹರ್ಸಲ್ ನೋಡಲು ಹೋಗಿದ್ದಾಗ ಕಂಡದ್ದನ್ನು ನಿಮಗೆ ಹೇಳಬೇಕು. ಅಲ್ಲಿ ಪರಿಕರಗಳ ಉಸ್ತುವಾರಿ ನಿವೃತ್ತ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರದು. ಅವರ ಬಳಿ ಹಾಜರಿ ಪುಸ್ತಕದಂಥ ಒಂದು ಉದ್ದನೆಯ ವಹಿ ಇತ್ತು. ವಸ್ತು ಯಾವುದು, ಯಾರ ಮನೆಯದು, ತಂದ ದಿನ, ಹಿಂದಿರುಗಿಸಿದ ದಿನ ಎಂದು ಗೆರೆ ಹೊಡೆದು, ಕೊನೆಯ ಅಂಕಣಕ್ಕೆ ‘ತರುವಾಗ ಹೇಗಿತ್ತು’ ಎಂಬ ತಲೆಬರಹ ಕೊಟ್ಟಿದ್ದರು. ಹಿತ್ತಾಳೆ ಚೊಂಬು, ಕಂಠದಲ್ಲಿ ತಗ್ಗು ಮೊದಲೇ ಇದೆ. ಜರಿ ಪೇಟ, ಒಂದು ಬದಿ ಹೊಲಿಗೆ ಬಿಟ್ಟಿದೆ, ನಾವೇ ಹೊಲಿದು ಕೊಟ್ಟಿದ್ದೇವೆ. ಮರದ ತೊಟ್ಟಿಲು, ಹಗ್ಗ ಹಳತಾಗಿದೆ, ಹೊಸ ಹಗ್ಗ ಹಾಕಿಸಿ ಕೊಡತಕ್ಕದ್ದು. ಮರುದಿನ ನಾಟಕಕ್ಕೆ ಆ ತೊಟ್ಟಿಲಿನ ಮನೆಯವರು ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಸಂಸಾರವೇ ಬಂದು ಕುಳಿತಿತ್ತು. ತೊಟ್ಟಿಲು ರಂಗದ ಮೇಲೆ ಬಂದಾಗ ಆ ಅಜ್ಜಿ ಪಕ್ಕದವರ ಮೊಣಕೈ ತಟ್ಟಿ ತೋರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಅಂಥ ಮನೆಗಳು ಆ ಊರಿನಲ್ಲಿ ಎಷ್ಟಿದ್ದವೋ ಅಷ್ಟು ಸಾಲುಗಳು ತುಂಬುತ್ತಿದ್ದವು.

ಬಾಡಿಗೆ ಅಂಗಡಿಯಿಂದ ಇದಕ್ಕಿಂತ ಚೆಂದದ ತೊಟ್ಟಿಲು ಬಂದೀತು. ಆದರೆ ಅಂಗಡಿಯ ತೊಟ್ಟಿಲಿನ ಹಿಂದೆ ಒಂದು ಮನೆ ನಾಟಕಕ್ಕೆ ಬರುವುದಿಲ್ಲ. ತಲೆಮಾರುಗಳ ಮಕ್ಕಳು ಮಲಗಿದ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಕೊಡಬೇಕಾದರೆ ಕೇಳಲು ಬಂದವರ ಮುಖ ನೋಡಿ ನಂಬಿಕೆ ಬರಬೇಕು. ಊರಿನ ಆ ನಂಬಿಕೆಯನ್ನು ತಂಡಕ್ಕೆ ದೊರಕಿಸಿಕೊಡುವವರು ಸ್ವಯಂಸೇವಕರು ಎಂಬುದು ನನ್ನ ಬಹುಕಾಲದ ನಿಲುವು. ಆ ಶಿಕ್ಷಕಿ ತೀರಿಕೊಂಡ ಮೇಲೆ ವಹಿಯನ್ನು ಕೈಗೆತ್ತಿಕೊಳ್ಳಲು ಯಾರನ್ನೂ ತಯಾರು ಮಾಡಿರಲಿಲ್ಲ. ತಂಡದವರು ಎಲ್ಲವನ್ನೂ ಜಿಲ್ಲಾ ಕೇಂದ್ರದಿಂದ ಬಾಡಿಗೆಗೆ ತರಿಸತೊಡಗಿದರು, ಖರ್ಚು ಏರಿತು. ವರ್ಷಕ್ಕೆ ಎರಡು ನಾಟಕ ಆಡುತ್ತಿದ್ದವರು ಈಗ ಎರಡು ವರ್ಷಕ್ಕೊಂದು ಆಡುತ್ತಾರೆ, ಪ್ರೇಕ್ಷಕರೂ ಕಡಿಮೆಯಾಗಿದ್ದಾರೆ. ಕೂಲಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇಂಥ ತಂಡಗಳ ಲೆಕ್ಕಪತ್ರವನ್ನು ಒಮ್ಮೆ ತೆರೆದು ನೋಡಬೇಕು.

ಪುಕ್ಕಟೆ ದುಡಿಮೆಗೆ ಗುಣಮಟ್ಟವಿಲ್ಲ ಎಂಬ ನಿಮ್ಮ ಮಾತಿಗೆ ರಂಗಭೂಮಿಯ ಚರಿತ್ರೆಯೇ ಉತ್ತರ ಕೊಡುತ್ತದೆ. ಆಂದ್ರೆ ಆಂತ್ವಾನ್ ಪ್ಯಾರಿಸ್ಸಿನ ಗ್ಯಾಸ್ ಕಂಪನಿಯಲ್ಲಿ ಗುಮಾಸ್ತನಾಗಿದ್ದವನು. 1887ರಲ್ಲಿ ಹವ್ಯಾಸಿ ಗೆಳೆಯರನ್ನು ಕಟ್ಟಿಕೊಂಡು ನಾಟಕಕ್ಕೆ ಇಳಿದಾಗ ಸಜ್ಜಿಕೆಗೆ ದುಡ್ಡಿರಲಿಲ್ಲ. ತಾಯಿಯ ಮನೆಯ ಊಟದ ಕೋಣೆಯ ಮೇಜು ಕುರ್ಚಿಗಳನ್ನೇ ಕೈಗಾಡಿಯಲ್ಲಿ ಹೇರಿಕೊಂಡು ಬೀದಿಯುದ್ದಕ್ಕೂ ತಳ್ಳಿಕೊಂಡು ಹೋದ. ಯುರೋಪಿನ ಆಧುನಿಕ ರಂಗಭೂಮಿಗೆ ದಾರಿ ತೆಗೆದದ್ದು ಆ ಕೈಗಾಡಿ. ಮೇಜು ಹೊರುವುದನ್ನು ಹಗುರಾಗಿ ಕಾಣಬೇಡಿ ಎಂದು ನಾನು ಹೇಳುವುದು ಇದಕ್ಕೇ. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಕಟ್ಟಿದವರಲ್ಲೊಬ್ಬರಾದ ರಷ್ಯಾದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಕೂಡ ಅದಕ್ಕೆ ಮೊದಲು ಹತ್ತು ವರ್ಷ ಹವ್ಯಾಸಿ ಸಂಘದಲ್ಲಿ ಪಳಗಿದವರು. ಹಗಲು ಮನೆತನದ ಕಾರ್ಖಾನೆಯ ಕೆಲಸ, ಸಂಜೆ ನಾಟಕ. ಜರ್ಮನಿಯ ಓಬರಾಮರ್ಗೌ ಎಂಬ ಹಳ್ಳಿಯವರು ಪ್ಲೇಗಿನ ಕಾಲದಲ್ಲಿ ಹೊತ್ತ ಹರಕೆಯ ನಾಟಕವನ್ನು 1634ರಿಂದ ಇಂದಿನವರೆಗೂ ಆಡಿಕೊಂಡು ಬಂದಿದ್ದಾರೆ. ಈಗ ಹತ್ತು ವರ್ಷಕ್ಕೊಮ್ಮೆ ನಡೆಯುವ ಆ ನಾಟಕದಲ್ಲಿ ಅಲ್ಲಿ ಹುಟ್ಟಿದವರಿಗೆ ಅಥವಾ 20 ವರ್ಷ ಅಲ್ಲಿ ಬಾಳಿದವರಿಗೆ ಮಾತ್ರ ಪಾತ್ರ. ಹೊರಗಿನಿಂದ ಎಂಥ ಹೆಸರಾಂತ ನಟ ಬಂದರೂ ಅವನಿಗೆ ಜಾಗವಿಲ್ಲ. 2020ರಲ್ಲಿ ಆಡಬೇಕಿದ್ದದ್ದು ಸಾಂಕ್ರಾಮಿಕದ ಕಾರಣದಿಂದ ನಿಂತಾಗ ಕೈಬಿಡದೆ 2022ರಲ್ಲಿ ಆಡಿ ಮುಗಿಸಿದರು.

ಅಷ್ಟು ದೂರವಾದರೂ ಏಕೆ ಹೋಗಬೇಕು? ಮುಂದೆ ವೃತ್ತಿರಂಗಭೂಮಿಯ ಮಹಾಸಂಸ್ಥೆಯಾಗಿ ಬೆಳೆದ ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ಆ ಊರಿನ ಉತ್ಸಾಹಿಗಳ ಕೂಟವಾಗಿ. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಕಟ್ಟಿದವರು ನಾಟಕದಿಂದ ಹೊಟ್ಟೆ ಹೊರೆಯುತ್ತಿದ್ದವರಲ್ಲ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿದಾಗ ಅದರ ಬೆನ್ನಿಗಿದ್ದವರು ಅಡಿಕೆ ತೋಟದ ಜನ. ಆ ಸಂಘವನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಅದಕ್ಕೂ ಹಿಂದಿನ ನಾಲ್ಕು ದಶಕಗಳಲ್ಲಿ ಆ ಊರಿನವರು ತೋಟದ ಕೆಲಸ ಮುಗಿಸಿ ಬಂದು ಸುರಿದ ಬೆವರನ್ನು ಮರೆತು ಆ ಪ್ರಶಸ್ತಿಯ ಮಾತಾಡಲಾಗದು. ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ ಬಂತು, ಅದರ ಕಲಾವಿದರಿಗೆ ಸಂಬಳವೂ ಬಂತು. ನೀವು ಬಯಸುವ ಸಂಬಳದ ವ್ಯವಸ್ಥೆಯನ್ನು ತಲೆಯ ಮೇಲೆ ಹೊತ್ತು ನಿಂತದ್ದು ಸಂಬಳವಿಲ್ಲದವರ ತಳಪಾಯ ಎಂಬುದನ್ನು ದಯವಿಟ್ಟು ಗಮನಿಸಿ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕನ್ನಡ ಸಂಘಗಳನ್ನೂ ಇಲ್ಲಿ ನೆನೆಯಬೇಕು. ಪಾಳಿ ಮುಗಿಸಿ ಸಮವಸ್ತ್ರದಲ್ಲೇ ತಾಲೀಮಿಗೆ ಓಡಿಬರುತ್ತಿದ್ದ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಕಾರ್ಖಾನೆಗಳ ನೌಕರರು, ಬ್ಯಾಂಕುಗಳ ಗುಮಾಸ್ತರು ಇಲ್ಲದಿದ್ದರೆ ಕನ್ನಡದ ಹವ್ಯಾಸಿ ರಂಗಭೂಮಿಯ ಆ ಸಮೃದ್ಧ ವರ್ಷಗಳು ಕಾಣುತ್ತಲೇ ಇರಲಿಲ್ಲ.

ಹಾಗಾದರೆ ನಿಮ್ಮ ಸಿಟ್ಟು ತಪ್ಪೇ? ಸಿಟ್ಟು ಸರಿ, ಅದು ತಿರುಗಿದ ದಿಕ್ಕು ಸರಿಯಿಲ್ಲ. ನಿಮ್ಮನ್ನು ನೋಯಿಸಿದ್ದು ಲಕೋಟೆ ಸಿಗದಿದ್ದದ್ದಲ್ಲ ಎಂದು ಪತ್ರದ ಸಾಲುಸಾಲೂ ಹೇಳುತ್ತದೆ. ನೀವು ಲಕೋಟೆಯ ಬಗ್ಗೆ ಒಂದು ವಾಕ್ಯ ಬರೆದು ಶಾಲಿನ ಬಗ್ಗೆ ಒಂದು ಪುಟ ಬರೆದಿದ್ದೀರಿ. ಈ ಸನ್ಮಾನದ ಪಿಡುಗಿನ ಬಗ್ಗೆ ನಾನೂ ಬಹಳ ದಿನಗಳಿಂದ ಬರೆಯಬೇಕೆಂದಿದ್ದೆ. ನಾಟಕ ಆರೂವರೆಗೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಾರೆ. ಮುಖ್ಯ ಅತಿಥಿಗಳು ಏಳೂಕಾಲಿಗೆ ಬರುತ್ತಾರೆ. ದೀಪ ಬೆಳಗುವುದು, ಪ್ರಾಸ್ತಾವಿಕ, ಪ್ರತಿಯೊಬ್ಬರ ಪರಿಚಯ, ಪ್ರತಿಯೊಬ್ಬರ ಭಾಷಣ, ಪ್ರತಿಯೊಬ್ಬರ ಫೋಟೊ. ಅಷ್ಟು ಹೊತ್ತೂ ಗ್ರೀನ್ ರೂಮಿನಲ್ಲಿ ಬಣ್ಣ ಹಚ್ಚಿಕೊಂಡ ನಟರು ಬೆವರುತ್ತಾರೆ, ಅಂಟಿಸಿದ ಮೀಸೆ ಕಿತ್ತುಬರುತ್ತದೆ, ಪ್ರಸಾಧನದವರು ಮತ್ತೆ ಸ್ಪಿರಿಟ್ ಗಮ್ ಹಿಡಿದು ಓಡುತ್ತಾರೆ. ನಾಟಕ ಶುರುವಾಗುವ ಹೊತ್ತಿಗೆ ಅತಿಥಿಗಳು ಬೇರೆ ಕಾರ್ಯಕ್ರಮವಿದೆಯೆಂದು ಎದ್ದು ಹೋಗುತ್ತಾರೆ, ಕೊನೆಯ ಬಸ್ಸಿಗೆ ಹೋಗಬೇಕಾದ ಪ್ರೇಕ್ಷಕರು ನಾಟಕದ ನಡುವೆ ಏಳುತ್ತಾರೆ. ಇಷ್ಟಾದರೂ ಪ್ರೇಕ್ಷಕರ ಕೊರತೆಯೆಂದು ವಿಚಾರಸಂಕಿರಣ ನಡೆಸುತ್ತೇವೆ.

ದಾನಿಗಳಿಗೆ ಕೃತಜ್ಞತೆ ಬೇಡವೆನ್ನುವಷ್ಟು ನಾನು ಒರಟನಲ್ಲ. ಆದರೆ ಒಂದು ಸಂಜೆಗೆ ಹಣ ಕೊಟ್ಟವರು ವೇದಿಕೆಯಲ್ಲಿ, ಹತ್ತು ವರ್ಷದ ಸಂಜೆಗಳನ್ನು ಕೊಟ್ಟವರು ಕತ್ತಲಲ್ಲಿ ಎಂಬ ಏರ್ಪಾಡನ್ನು ನಮ್ಮ ತಂಡಗಳು ಯಾರೂ ಹೇಳಿಕೊಡದೆಯೇ ಕಲಿತುಬಿಟ್ಟಿವೆ. ಮದುವೆಗಳಿಂದ, ರಾಜಕೀಯ ಸಭೆಗಳಿಂದ ಈ ರೂಢಿ ನಾಟಕದ ಮನೆಗೂ ನುಗ್ಗಿದೆ. ನಾಟಕದ ಮನೆಯಲ್ಲಾದರೂ ದುಡಿದವರ ಲೆಕ್ಕ ಬೇರೆಯಾಗಿರಬೇಕಿತ್ತು. ರಂಗಮಂದಿರಗಳನ್ನು ನಡೆಸುವವರದೂ ಇದೇ ಕಥೆ: ತಿಂಗಳುಗಟ್ಟಲೆ ಮೊದಲು ದಿನ ಗೊತ್ತುಮಾಡಿಕೊಂಡ ತಂಡಕ್ಕೆ ಹಿಂದಿನ ವಾರ ಬೇರಾವುದೋ ಸಮಾರಂಭದ ನೆಪ ಹೇಳಿ ಬಾಗಿಲು ತೋರಿಸುತ್ತಾರೆ. ಆಗ ಹಂಚಿದ ಕರಪತ್ರಗಳ ಮೇಲೆ ಹೊಸ ದಿನಾಂಕದ ಚೀಟಿ ಅಂಟಿಸುತ್ತ ಕೂರುವವರು ಮತ್ತೆ ನಿಮ್ಮಂಥವರೇ.

ಇನ್ನು ನೀವು ಕೇಳಿದ ಪ್ರಶ್ನೆ. ಹೋಗಿ ಎಂದೇ ನನ್ನ ಉತ್ತರ. ಆದರೆ ಈ ಸಲ ಕೇಳಬೇಕಾದದ್ದನ್ನು ಕೇಳಿ ಹೋಗಿ. ಮುಂದಿನ ನಾಟಕದ ಮೊದಲ ರೀಡಿಂಗಿನ ದಿನವೇ, ನಟರಿಗೆ ಪಾತ್ರ ಹಂಚುವ ಹೊತ್ತಿನಲ್ಲಿ, ಕಾರ್ಯದರ್ಶಿಗಳ ಮುಂದೆ ನಿಮ್ಮ ಮಾತನ್ನು ಇಡಿ. ಕರಪತ್ರದಲ್ಲಿ ನಟರ ಹೆಸರು ಎಷ್ಟು ದಪ್ಪಗಿದೆಯೋ ಅಷ್ಟೇ ದಪ್ಪ ಅಕ್ಷರದಲ್ಲಿ ಸಜ್ಜಿಕೆ, ಪರಿಕರ, ವಸ್ತ್ರ, ಪ್ರಸಾಧನದವರ ಹೆಸರು ಬರಲಿ. ಓಡಾಟದ ಖರ್ಚನ್ನು ತಂಡವೇ ಭರಿಸಲಿ. ನಾಟಕ ಯಾವುದು, ದಿನ ಯಾವುದು ಎಂದು ನಿರ್ಧರಿಸುವ ಸಭೆಗೆ ನಿಮ್ಮನ್ನೂ ಕರೆಯಲಿ, ಏಕೆಂದರೆ ಹನ್ನೆರಡು ದೃಶ್ಯಗಳ ನಾಟಕವನ್ನು ಆ ಪುಟ್ಟ ರಂಗದ ಮೇಲೆ ಹೊಂದಿಸಬೇಕಾದವರು ನೀವು. ನಾಟಕ ಮುಗಿದು ನಟರು ನಮಸ್ಕರಿಸುವಾಗ ನೀವೂ ನಿಮ್ಮ ಜೊತೆಗಾರರೂ ಅವರ ಸಾಲಿನಲ್ಲಿ ನಿಲ್ಲಿ. ಅದಕ್ಕೆ ಶಾಲೂ ಬೇಡ, ಫಲಕವೂ ಬೇಡ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ಹತ್ತು ವರ್ಷಗಳಲ್ಲಿ ನೀವು ಯಾರಿಗೆ ಈ ಕೆಲಸ ಕಲಿಸಿದ್ದೀರಿ ಎಂದು ಪತ್ರದಲ್ಲಿ ಹುಡುಕಿದೆ, ಸಿಗಲಿಲ್ಲ. ಹಿರಿಯನ ಸಲಿಗೆಯಿಂದ ಹೇಳುತ್ತಿದ್ದೇನೆ, ಬೇಸರಿಸಬೇಡಿ: ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡರೆ ನೋವೂ ಒಬ್ಬರದೇ ಆಗುತ್ತದೆ. ಕಾಲೇಜಿನ ಇಬ್ಬರು ಹುಡುಗ ಹುಡುಗಿಯರನ್ನು ಜೊತೆಗೆ ಕರೆದುಕೊಳ್ಳಿ. ಟೇಪಿನ ಗುರುತು ಹಾಕುವುದನ್ನು, ಕತ್ತಲಲ್ಲಿ ನಡೆಯುವುದನ್ನು, ಎರವಲು ಕೇಳುವ ರೀತಿಯನ್ನು ಅವರಿಗೆ ತೋರಿಸಿ. ನಾಟಕದ ಮರುದಿನ ಸಾಮಾನುಗಳನ್ನು ಮನೆಮನೆಗೆ ಹಿಂದಿರುಗಿಸಲು ಹೋಗುವಾಗ ಅವರನ್ನು ತಪ್ಪದೆ ಕರೆದುಕೊಂಡು ಹೋಗಿ, ಏಕೆಂದರೆ ಆ ಮನೆಗಳ ಪರಿಚಯ ಅವರಿಗೆ ಆಗಬೇಕಾದದ್ದು ಆಗಲೇ.

ನಿಮ್ಮ ತಂಡದ ಕಾರ್ಯದರ್ಶಿಗಳು ಇದನ್ನು ಓದಿ ಏನಾದರೂ ಹೇಳಬಯಸಿದರೆ ಈ ಅಂಕಣದಲ್ಲಿ ಇಷ್ಟೇ ಜಾಗವನ್ನು ಅವರಿಗೂ ಕೊಡುತ್ತೇನೆ. ಮುಂದಿನ ನಾಟಕದ ಕರಪತ್ರದ ಒಂದು ಪ್ರತಿಯನ್ನು ಕಚೇರಿಯ ವಿಳಾಸಕ್ಕೆ ಕಳುಹಿಸಿ. ಅದರಲ್ಲಿ ನಿಮ್ಮ ಹೆಸರು ಇದ್ದರೂ ಇಲ್ಲದಿದ್ದರೂ ಅದನ್ನು ಇಲ್ಲಿ ಅಚ್ಚು ಹಾಕುತ್ತೇನೆ.

— ಸಂಪಾದಕ