ವರ್ಸಿಕಲರ್ ಯಾರ ಮಗಳು?

ಪ್ರಶ್ನೆ: ಮಷೀನ್ ಲರ್ನಿಂಗ್ ಪಾಠದಲ್ಲಿ ನಮಗೆ ಐರಿಸ್ ಎಂಬ ಕಾಡುಹೂವಿನ ಮೂರು ಪ್ರಭೇದಗಳ ಅಳತೆಗಳನ್ನು ಕೊಡುತ್ತಾರೆ, ಪ್ರಭೇದಕ್ಕೆ 50ರಂತೆ ಒಟ್ಟು 150 ಹೂಗಳು. ಕಂಪ್ಯೂಟರ್ ಸೆಟೋಸಾವನ್ನು ಸುಲಭವಾಗಿ ಬೇರ್ಪಡಿಸುತ್ತದೆ, ಆದರೆ ವರ್ಸಿಕಲರ್ ಮತ್ತು ವರ್ಜಿನಿಕಾ ಹೂಗಳನ್ನು ಬೆರೆಸಿಬಿಡುತ್ತದೆ. ಇವೆರಡೂ ಹತ್ತಿರದ ಸಂಬಂಧಿಗಳೆಂದು ಇದರ ಅರ್ಥವೇ? ಇಂತಹ ಸಂಬಂಧವನ್ನು ಡಿಎನ್‌ಎಯಿಂದ ಹೇಗೆ ತಿಳಿಯುತ್ತಾರೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸೇಡಂ ರಸ್ತೆ, ಕಲಬುರಗಿ

ಉತ್ತರ: ನಿಮ್ಮ ಊಹೆ ಸರಿಯಾಗಿದೆ, ಆದರೆ ಆ ಸಂಬಂಧ ಅಕ್ಕ-ತಂಗಿಯರದಲ್ಲ, ಹೆತ್ತವರು-ಮಕ್ಕಳದು. ಈ ಅಳತೆಗಳ ಹಿಂದಿರುವ ಅಮೆರಿಕದ ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್, ವರ್ಜಿನಿಕಾ ಮತ್ತು ಸೆಟೋಸಾಗಳ ಬೆರಕೆಯಿಂದಲೇ ವರ್ಸಿಕಲರ್ ಹುಟ್ಟಿರಬೇಕೆಂದು 1936ರಲ್ಲಿ ವಾದಿಸಿದ್ದರು. ವರ್ಜಿನಿಕಾದಲ್ಲಿ ಸುಮಾರು 70, ಸೆಟೋಸಾದಲ್ಲಿ 38, ವರ್ಸಿಕಲರ್‌ನಲ್ಲಿ 108 ವರ್ಣತಂತುಗಳಿದ್ದು (ಡಿಎನ್‌ಎ ಹೊತ್ತ ಕ್ರೋಮೊಸೋಮ್‌ಗಳು), ಮೊದಲಿನ ಎರಡನ್ನು ಕೂಡಿದರೆ ಮೂರನೆಯದು ಬರುತ್ತದೆ. ಸಾಮಾನ್ಯವಾಗಿ ಇಂತಹ ಬೆರಕೆಯ ಗಿಡ ಬೀಜ ಕಟ್ಟುವುದಿಲ್ಲ, ಏಕೆಂದರೆ ಎರಡು ಕಡೆಯಿಂದ ಅರ್ಧರ್ಧವಾಗಿ ಬಂದ ವರ್ಣತಂತುಗಳಿಗೆ ಜೋಡಿ ಸಿಗುವುದಿಲ್ಲ. ಅವೆಲ್ಲ ಒಮ್ಮೆ ಇಮ್ಮಡಿಯಾದರೆ ಪ್ರತಿಯೊಂದಕ್ಕೂ ಜೋಡಿ ಸಿಕ್ಕು ಹೊಸ ಪ್ರಭೇದವೇ ನಿಲ್ಲುತ್ತದೆ. ಇದು ನಮ್ಮ ಭಾಗಕ್ಕೆ ತೀರ ಅಪರಿಚಿತವಾದ ಸಂಗತಿಯೇನೂ ಅಲ್ಲ: ಜವಾರಿ ಹತ್ತಿಯಲ್ಲಿ 26 ವರ್ಣತಂತುಗಳಿದ್ದರೆ, ಇಂದು ಯಾದಗಿರಿಯ ಹೊಲಗಳನ್ನು ತುಂಬಿರುವ ಅಮೆರಿಕನ್ ಮೂಲದ ಹತ್ತಿಯಲ್ಲಿ 52 ಇವೆ, ಅದೂ ಎರಡು ಪ್ರಾಚೀನ ವಂಶಗಳು ಹೀಗೆಯೇ ಕೂಡಿ ಹುಟ್ಟಿದ್ದು.

ಆಂಡರ್ಸನ್ನರ ಊಹೆಯನ್ನು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅದೇ ವರ್ಷ ಲೆಕ್ಕಕ್ಕೆ ಹಚ್ಚಿದರು. ವರ್ಣತಂತುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಪಾಲು ವರ್ಜಿನಿಕಾದಿಂದ ಬಂದಿದ್ದರೆ, ವರ್ಸಿಕಲರ್ ಹೂವು ವರ್ಜಿನಿಕಾದಿಂದ ಎಷ್ಟು ದೂರವೋ ಸೆಟೋಸಾದಿಂದ ಅದರ ಎರಡುಪಟ್ಟು ದೂರದಲ್ಲಿರಬೇಕು. ಇದನ್ನು ನೀವೇ ಪರೀಕ್ಷಿಸಬಹುದು. ನಿಮ್ಮಲ್ಲಿರುವ ದತ್ತಾಂಶದಲ್ಲಿ ದಳದ ಸರಾಸರಿ ಉದ್ದ ಸೆಟೋಸಾದಲ್ಲಿ 1.46, ವರ್ಸಿಕಲರ್‌ನಲ್ಲಿ 4.26, ವರ್ಜಿನಿಕಾದಲ್ಲಿ 5.55 ಸೆಂಟಿಮೀಟರ್, ಅಂತರಗಳು 2.80 ಮತ್ತು 1.29. ಕಂಪ್ಯೂಟರ್ ಮಾಡುವ ತಪ್ಪು ನಿಜಕ್ಕೂ ಮನೆತನದ ಹೋಲಿಕೆಯನ್ನೇ ತೋರಿಸುತ್ತಿದೆ! ಆದರೆ ಪುಷ್ಪಪತ್ರದ (ಸೆಪಲ್) ಅಗಲವನ್ನು ನೋಡಿ: ವರ್ಸಿಕಲರ್‌ನ ಸರಾಸರಿ 2.77 ಮಾತ್ರ, ಅದು ಉಳಿದೆರಡಕ್ಕಿಂತಲೂ ಕಡಿಮೆ, ನಡುವೆ ಬೀಳುವುದೇ ಇಲ್ಲ. ಹೂವಿನ ಆಕಾರವನ್ನು ಮಣ್ಣು, ನೀರು, ಪರಾಗ ಹೊರುವ ಕೀಟಗಳೂ ತಿದ್ದುತ್ತವೆಯಾದ್ದರಿಂದ ಅಳತೆಪಟ್ಟಿಯನ್ನು ಒಂದು ಮಿತಿಯವರೆಗೆ ಮಾತ್ರ ನಂಬಬಹುದು.

ವಂಶವಾಹಿಯ ಸಾಕ್ಷ್ಯ ಬಂದದ್ದು 2007ರಲ್ಲಿ. ಹೆತ್ತವರೆಂದು ಶಂಕಿಸಲಾದ ಪ್ರಭೇದಗಳ ಡಿಎನ್‌ಎಗೆ ಹೊಳೆಯುವ ಬಣ್ಣ ಕಟ್ಟಿ, ಅದನ್ನು ವರ್ಸಿಕಲರ್‌ನ ವರ್ಣತಂತುಗಳ ಮೇಲೆ ಬಿಟ್ಟರೆ, ಅದು ತನ್ನ ಮೂಲದವುಗಳಿಗೇ ಹೆಚ್ಚಾಗಿ ಅಂಟಿಕೊಳ್ಳುತ್ತದೆ. ಹೀಗೆ ಸೂಕ್ಷ್ಮದರ್ಶಕದಲ್ಲಿ ಎರಡು ಗುಂಪುಗಳು ಕಂಡು ಆಂಡರ್ಸನ್ನರ ವಾದ ಗಟ್ಟಿಯಾಯಿತು.

ಇನ್ನೊಂದು ಬಗೆಯಲ್ಲಿ ಒಂದೇ ವಂಶವಾಹಿಯ ಅಕ್ಷರಸರಣಿಯನ್ನು, ಅಂದರೆ ಡಿಎನ್‌ಎಯ ರಾಸಾಯನಿಕ ಘಟಕಗಳ ಸಾಲನ್ನು, ಹಲವು ಪ್ರಭೇದಗಳಿಂದ ಓದಿ, ಸಾಲಾಗಿ ಹೊಂದಿಸಿ, ಎಲ್ಲೆಲ್ಲಿ ಅಕ್ಷರ ಬದಲಾಗಿದೆ ಎಂದು ನೋಡುತ್ತಾರೆ. ಎರಡು ಪ್ರಭೇದಗಳು ಎಷ್ಟು ಹೋಲುತ್ತವೆ ಎನ್ನುವುದಕ್ಕಿಂತ, ಯಾವ ಹೊಸ ಬದಲಾವಣೆಗಳು ಇಬ್ಬರಲ್ಲೂ ಇವೆ ಎನ್ನುವುದು ಇಲ್ಲಿ ಮುಖ್ಯ. ಯಾವುದು ಹೊಸದು, ಯಾವುದು ಹಳೆಯದು ಎಂದು ತೀರ್ಮಾನಿಸಲು ಈ ಗುಂಪಿನ ಹೊರಗಿನ ದೂರದ ನೆಂಟನೊಬ್ಬನನ್ನೂ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ಆದರೆ ಬೆರಕೆಯ ಪ್ರಭೇದಗಳಲ್ಲಿ ಒಂದೇ ವಂಶವಾಹಿಯನ್ನು ನೆಚ್ಚುವಂತಿಲ್ಲ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಡಿಎನ್‌ಎ ಇದ್ದು, ಬಹುತೇಕ ಹೂಗಿಡಗಳಲ್ಲಿ ಅದು ತಾಯಿಯಿಂದ ಮಾತ್ರ ಬರುತ್ತದೆ. ಅದನ್ನಷ್ಟೇ ಓದಿದವರಿಗೆ ತಂದೆಯ ಸುಳಿವೇ ಸಿಗದು. ಆದ್ದರಿಂದ ಜೀವಕೋಶದ ಕೇಂದ್ರದಲ್ಲಿರುವ ವಂಶವಾಹಿಗಳನ್ನೂ ಓದಿ ಎರಡು ವಂಶವೃಕ್ಷಗಳನ್ನು ಹೋಲಿಸುತ್ತಾರೆ, ಅವು ತಾಳೆಯಾಗದ ಕಡೆ ಬೆರಕೆ ನಡೆದಿರಬಹುದೆಂದು ಹುಡುಕುತ್ತಾರೆ. ವರ್ಸಿಕಲರ್ ಅನ್ನು ಆ ವೃಕ್ಷದಲ್ಲಿ ಬರೆಯಬೇಕಾದರೆ ಎರಡು ಕೊಂಬೆಗಳಿಂದ ಗೆರೆ ಎಳೆದು ಒಂದೆಡೆ ಕೂಡಿಸಬೇಕಾಗುತ್ತದೆ.