ಎಲ್ಲದಕ್ಕೂ ‘ರೋಜರ್’ ಎಂದರೆ ಸಾಕೇ?

ಪ್ರಶ್ನೆ: ಪೈಲಟ್ ತರಬೇತಿಗೆ ಸೇರಬೇಕೆಂದಿದ್ದೇನೆ. ಪೈಲಟ್ ಮತ್ತು ಟವರ್ (ವಿಮಾನ ನಿಲ್ದಾಣದ ನಿಯಂತ್ರಣ ಗೋಪುರ) ನಡುವಿನ ರೇಡಿಯೊ ಮಾತುಕತೆ ಕೇಳಿದರೆ ತಲೆಬುಡ ತಿಳಿಯುವುದಿಲ್ಲ. ಮೊದಲು ಯಾವ ಪದ ಕಲಿಯಲಿ? ಏನು ಹೇಳಿದರೂ ‘ರೋಜರ್’ ಎಂದರೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ‘ರೋಜರ್’ ಎಂದರೆ ನೀವು ಹೇಳಿದ್ದು ಪೂರ್ತಿ ಕೇಳಿಸಿತು ಎಂದಷ್ಟೇ. ಹೌದು ಎನ್ನಲು ‘ಅಫರ್ಮ್’, ಅಲ್ಲ ಎನ್ನಲು ‘ನೆಗೆಟಿವ್’, ಹೇಳಿದಂತೆ ಮಾಡುತ್ತೇನೆ ಎನ್ನಲು ‘ವಿಲ್ಕೊ’, ಮಾಡಲಾಗದು ಎನ್ನಲು ‘ಅನೇಬಲ್’. ಟವರ್ ‘ಸ್ಟ್ಯಾಂಡ್‌ಬೈ’ ಎಂದರೆ ಸುಮ್ಮನೆ ಕಾಯಬೇಕು. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ‘ರೋಜರ್ ವಿಲ್ಕೊ’ ಎಂಬ ಜೋಡಿ ಸಿನಿಮಾದವರಿಗೇ ಇರಲಿ, ಕೇಳಿಸಿತು ಎಂಬುದು ‘ವಿಲ್ಕೊ’ದೊಳಗೇ ಇದೆ.

ಪದಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಮೊದಲು ರೀಡ್‌ಬ್ಯಾಕ್ (ಕೇಳಿಸಿಕೊಂಡ ಸೂಚನೆಯನ್ನು ತಿರುಗಿ ಹೇಳುವುದು) ರೂಢಿಸಿಕೊಳ್ಳಿ. ರನ್‌ವೇ ಸಂಖ್ಯೆ, ಅದರೊಳಗೆ ಹೋಗಲು, ದಾಟಲು ಅಥವಾ ಹೊರಗೇ ನಿಲ್ಲಲು ಬಂದ ಸೂಚನೆ, ಟೇಕಾಫ್ ಮತ್ತು ಲ್ಯಾಂಡಿಂಗ್ ಅನುಮತಿ, ಎತ್ತರ, ಹೆಡಿಂಗ್ (ವಿಮಾನದ ಮೂತಿ ಇರುವ ದಿಕ್ಕು), ವೇಗ, ಕ್ಯೂಎನ್ಎಚ್ ಒತ್ತಡ (ಎತ್ತರಮಾಪಕಕ್ಕೆ ಹೊಂದಿಸುವ ಗಾಳಿಯ ಒತ್ತಡ), ಟ್ರಾನ್ಸ್‌ಪಾಂಡರ್ ಕೋಡ್ (ರೇಡಾರ್‌ನಲ್ಲಿ ವಿಮಾನವನ್ನು ಗುರುತಿಸುವ ಸಂಖ್ಯೆ) – ಇವುಗಳಲ್ಲಿ ಯಾವುದು ಬಂದರೂ ಅದನ್ನೇ ತಿರುಗಿ ಹೇಳಿ, ಕೊನೆಗೆ ನಿಮ್ಮ ಕಾಲ್‌ಸೈನ್ (ರೇಡಿಯೊದಲ್ಲಿ ನಿಮ್ಮ ವಿಮಾನದ ಗುರುತಿನ ಹೆಸರು) ಸೇರಿಸಬೇಕು. ಟವರ್ ‘ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್’ (27ನೇ ರನ್‌ವೇಗೆ ಹೋಗದೆ ಹೊರಗೇ ನಿಲ್ಲಿ) ಎಂದರೆ ಉತ್ತರ ‘ಹೋಲ್ಡ್ ಶಾರ್ಟ್ ರನ್‌ವೇ ಟೂ ಸೆವೆನ್, ಆಲ್ಫಾ ಬ್ರಾವೊ ಚಾರ್ಲಿ’. ಇಲ್ಲಿ ‘ರೋಜರ್’ ಎಂದುಬಿಟ್ಟರೆ ನೀವು ಕೇಳಿಸಿಕೊಂಡದ್ದು ‘ಹೋಲ್ಡ್’ ಎಂದೋ ‘ಕ್ರಾಸ್’ (ದಾಟಿ) ಎಂದೋ ಟವರ್‌ನಲ್ಲಿ ಕುಳಿತ ಕಂಟ್ರೋಲರ್‌ಗೆ ಗೊತ್ತಾಗುವ ದಾರಿಯೇ ಇಲ್ಲ.

ಅಂಕಿಗಳಲ್ಲಿ ಇನ್ನೂ ಎಚ್ಚರ ಬೇಕು. 1989ರಲ್ಲಿ ಕೌಲಾಲಂಪುರ ಬಳಿ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನಕ್ಕೆ ಕಂಟ್ರೋಲರ್ 2400 ಅಡಿಗೆ ಇಳಿಯಲು ಹೇಳಿದ್ದು ‘ಡಿಸೆಂಡ್ ಟೂ ಫೋರ್ ಜೀರೊ ಜೀರೊ’ ಎಂದು. ಮೊದಲ ‘ಟೂ’ 2 ಎಂಬ ಅಂಕಿಯೆಂದು ಹೊಳೆಯದೆ, ‘ಇಷ್ಟಕ್ಕೆ’ ಎಂಬರ್ಥದ ಇಂಗ್ಲಿಷಿನ ‘ಟು’ (to) ಎಂದುಕೊಂಡು, 400 ಅಡಿಗೆ ಎಂಬಂತೆ ಸಿಬ್ಬಂದಿ ‘ಫೋರ್ ಜೀರೊ ಜೀರೊ’ ಎಂದು ಉತ್ತರಿಸಿದರು. ಆ ತಪ್ಪು ರೀಡ್‌ಬ್ಯಾಕನ್ನು ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು. ಎತ್ತರವನ್ನು ‘ಟೂ ತೌಸಂಡ್ ಫೋರ್ ಹಂಡ್ರೆಡ್ ಫೀಟ್’ ಎಂದು ಬಿಡಿಸಿ ಹೇಳುವ ಕ್ರಮ ಇಂಥದ್ದನ್ನು ತಪ್ಪಿಸಲೆಂದೇ ಇರುವುದು. ಹೆಡಿಂಗ್, ರನ್‌ವೇ, ಟ್ರಾನ್ಸ್‌ಪಾಂಡರ್ ಕೋಡುಗಳನ್ನು ಮಾತ್ರ ಒಂದೊಂದೇ ಅಂಕಿಯಾಗಿ ಹೇಳಬೇಕು. ಗದ್ದಲದಲ್ಲೂ ಬೇರೆಬೇರೆಯಾಗಿ ಕೇಳಲಿ ಎಂದು 3 ‘ಟ್ರೀ’, 5 ‘ಫೈಫ್’, 9 ‘ನೈನರ್’ ಆಗಿವೆ.

‘ಟೇಕಾಫ್’ ಪದವನ್ನು ಅನುಮತಿ ಕೊಡುವಾಗ, ಅದನ್ನು ತಿರುಗಿ ಹೇಳುವಾಗ, ರದ್ದು ಮಾಡುವಾಗ ಬಿಟ್ಟರೆ ಬಳಸಬೇಡಿ, ಉಳಿದೆಡೆ ‘ಡಿಪಾರ್ಚರ್’. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747ಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತ ಮೇಲೆ ಈ ಕಟ್ಟುನಿಟ್ಟು ಬಂತು. ಅಂದು ಇಬ್ಬರು ಒಟ್ಟಿಗೇ ರೇಡಿಯೊ ಗುಂಡಿ ಒತ್ತಿ ಮಾತಾಡಿದ್ದರಿಂದ ಮುಖ್ಯವಾದ ಮಾತುಗಳು ಕಿರುಚು ಸದ್ದಿನಲ್ಲಿ ಮುಳುಗಿದ್ದವು. ಹಾಗಾಗಿ ಮೊದಲು ಕಿವಿಗೊಡಿ, ಚಾನೆಲ್ ಖಾಲಿಯೆಂದು ಖಚಿತವಾದ ಮೇಲೆ ಗುಂಡಿ ಒತ್ತಿ, ಕ್ಷಣ ಬಿಟ್ಟು ಮಾತು ಶುರುಮಾಡಿ. ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಅಕ್ಷರವೇ ಕತ್ತರಿಸಿಹೋಗುತ್ತದೆ, ಅದು ಹೆಚ್ಚಾಗಿ ನೀವು ಕರೆಯುತ್ತಿರುವವರ ಹೆಸರಾಗಿರುತ್ತದೆ. ಮಾತಿನ ಕ್ರಮ: ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು.

ಪ್ರಾಣಾಪಾಯವಿದ್ದರೆ ‘ಮೇಡೇ’ ಮೂರು ಸಲ. ತುರ್ತು, ಆದರೆ ತಕ್ಷಣದ ಅಪಾಯವಿಲ್ಲವೆಂದರೆ ‘ಪ್ಯಾನ್ ಪ್ಯಾನ್’ ಮೂರು ಸಲ. ಇಲ್ಲಿ ಸಂಕೋಚ ಬೇಡ. 1990ರಲ್ಲಿ ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿದ್ದ ಕೊಲಂಬಿಯಾದ ವಿಮಾನ ಆವಿಯಾಂಕಾ 52ರ ಸಿಬ್ಬಂದಿ ‘ಪ್ರಯಾರಿಟಿ’ (ಆದ್ಯತೆ) ಕೇಳಿದ್ದರೇ ಹೊರತು ತುರ್ತುಸ್ಥಿತಿ ಘೋಷಿಸಿರಲಿಲ್ಲ. 73 ಜನ ಸತ್ತರು.

ಅರ್ಧ ಮಾತ್ರ ಕೇಳಿಸಿದರೆ ಊಹಿಸಬೇಡಿ, ‘ಸೇ ಅಗೇನ್’ ಎನ್ನಿ. ರನ್‌ವೇ ತನಕ ಕೇಳಿಸಿ ಮುಂದಿನದು ತಪ್ಪಿಹೋಗಿದ್ದರೆ ‘ಸೇ ಅಗೇನ್ ಆಲ್ ಆಫ್ಟರ್ ರನ್‌ವೇ’ ಎಂದರೆ ಕಂಟ್ರೋಲರ್ ಅಷ್ಟನ್ನೇ ಮತ್ತೆ ಹೇಳುತ್ತಾರೆ.